ಹುಲ್ಲಿನ ರಾಶಿಯ ಮೇಲೆ ಹವೆಯ ಲೆಕ್ಕ: ಲೂಯಿ ಫ್ರೈ ರಿಚರ್ಡ್‌ಸನ್

ಮಕ್ಕಳೇ, ಮುಂಗಾರಿನ ದಿನಗಳಲ್ಲಿ ರೇಡಿಯೋ, ಟೀವಿಗಳಲ್ಲಿ ಹವಾಮಾನ ವರದಿ ಕೇಳಿರುತ್ತೀರಿ. ಮುಂದಿನ 48 ಗಂಟೆಗಳಲ್ಲಿ ಕರಾವಳಿಯಲ್ಲಿ ಭಾರಿ ಮಳೆ, ಒಳನಾಡಿನ ಕೆಲವು ಕಡೆ ಗುಡುಗು ಸಹಿತ ಸಾಧಾರಣ ಮಳೆ ಎಂದೆಲ್ಲ ಹೇಳುತ್ತಾರೆ. ಇನ್ನೂ ಬಾರದ ಮಳೆಯ ಸುದ್ದಿ ಇವರಿಗೆ ಹೇಗೆ ತಿಳಿಯಿತು? ಲೆಕ್ಕ ಮಾಡಿ ತಿಳಿಯಿತು. ಭೂಮಿಯ ಸುತ್ತಲಿನ ಗಾಳಿಯ ಈ ಹೊತ್ತಿನ ಒತ್ತಡ, ಉಷ್ಣತೆ, ತೇವ, ವೇಗ ಎಲ್ಲವನ್ನೂ ಅಂಕಿಗಳಾಗಿ ಕಂಪ್ಯೂಟರಿಗೆ ಕೊಡುತ್ತಾರೆ. ಭೌತಶಾಸ್ತ್ರದ ನಿಯಮಗಳಂತೆ ಆ ಅಂಕಿಗಳು ಹೇಗೆ ಬದಲಾಗುತ್ತವೆ ಎಂದು ಅದು ಹಂತ ಹಂತವಾಗಿ ಲೆಕ್ಕ ಹಾಕುತ್ತದೆ. ಹೊರಗೆ ನಿಜವಾದ ಗಾಳಿ ಬೀಸುತ್ತಿರುವಾಗ ಕಂಪ್ಯೂಟರಿನೊಳಗೆ ಅದರ ಒಂದು ನಕಲು ಬೀಸುತ್ತಿರುತ್ತದೆ ಎನ್ನಿ. ಇದಕ್ಕೆ ಸಿಮ್ಯುಲೇಶನ್ ಎಂದು ಹೆಸರು.

ಹೀಗೆ ಲೆಕ್ಕ ಮಾಡು ಎಂದು ಕಂಪ್ಯೂಟರಿಗೆ ಬರೆದುಕೊಡುವ ಆಜ್ಞೆಗಳ ಪಟ್ಟಿಯೇ ಪ್ರೋಗ್ರಾಂ. ಹವಾಮಾನದ ಪ್ರೋಗ್ರಾಂ ಎಂದರೆ ಲಕ್ಷಾಂತರ ಸಾಲುಗಳ ಪಟ್ಟಿ. ಅದನ್ನು ಬರೆದವರು ನೂರಾರು ಜನ. ಪಟ್ಟಿ ಉದ್ದವಾದಷ್ಟೂ, ಒಂದಕ್ಕೊಂದು ಸಿಕ್ಕು ಹಾಕಿಕೊಂಡಷ್ಟೂ ಒಂದು ಭಯ ಕಾಡುತ್ತದೆ. ಉತ್ತರ ತಪ್ಪಾಗಿ ಬಂದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ? ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಎದುರಿಸಿದವರಲ್ಲಿ ಒಬ್ಬ ಇಂಗ್ಲಿಷ್ ವಿಜ್ಞಾನಿಯ ಹತ್ತಿರ ಕಂಪ್ಯೂಟರೇ ಇರಲಿಲ್ಲ. ಕಾಗದ, ಪೆನ್ಸಿಲು, ಲಾಗರಿದಂ ಕೋಷ್ಟಕ ಮತ್ತು ಗುಣಾಕಾರ ಮಾಡಲು ಜಾರುವ ಪಟ್ಟಿಯ ಸ್ಲೈಡ್ ರೂಲ್, ಇಷ್ಟೇ ಅವರ ಸಲಕರಣೆ. ಅವರೇ ಲೂಯಿ ಫ್ರೈ ರಿಚರ್ಡ್‌ಸನ್.

ರಿಚರ್ಡ್‌ಸನ್ ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ತಂದೆಯದು ಚರ್ಮ ಹದ ಮಾಡುವ ಉದ್ಯಮ. ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಯಾವ ಕಾರಣಕ್ಕೂ ಯುದ್ಧದಲ್ಲಿ ಆಯುಧ ಹಿಡಿಯಬಾರದು ಎನ್ನುವುದು ಈ ಪಂಥದ ನಿಷ್ಠೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಯಾರ್ಕ್ ನಗರದ ಬೂದಮ್ ಶಾಲೆಯಲ್ಲಿ ಓದಿ, ಆಮೇಲೆ ಕೇಂಬ್ರಿಜ್‌ನಲ್ಲಿ ವಿಜ್ಞಾನದ ಪದವಿ ಪಡೆದರು.

ಕೆಲಸದ ವಿಷಯದಲ್ಲಿ ಅವರು ಒಂದೇ ಕಡೆ ನಿಂತವರಲ್ಲ. 1906ರಲ್ಲಿ ಪೀಟ್ ಕಂಪನಿಯೊಂದನ್ನು ಸೇರಿದರು. ಪೀಟ್ ಎಂದರೆ ಜೌಗು ನೆಲದಲ್ಲಿ ಗಿಡಗಳು ಕೊಳೆತು ಆಗುವ ಕಪ್ಪು ಮಣ್ಣು. ಅದನ್ನು ಒಣಗಿಸಿ ಉರುವಲಾಗಿ ಬಳಸುತ್ತಾರೆ. ಆ ಜೌಗಿನಿಂದ ನೀರು ಬಸಿದು ಹೋಗಲು ಕಾಲುವೆಗಳನ್ನು ಎಲ್ಲೆಲ್ಲಿ ತೋಡಬೇಕು ಎನ್ನುವುದು ಅವರ ಮುಂದಿದ್ದ ಸಮಸ್ಯೆ. ನೀರು ಹರಿಯುವ ಸಮೀಕರಣ ಗೊತ್ತಿತ್ತು. ಆದರೆ ನಿಜವಾದ ಜೌಗಿನ ಅಂಕುಡೊಂಕು ಆಕಾರಕ್ಕೆ ಆ ಸಮೀಕರಣವನ್ನು ಬಿಡಿಸಲು ಬರುತ್ತಿರಲಿಲ್ಲ. ಆಗ ರಿಚರ್ಡ್‌ಸನ್ ಕಷ್ಟದ ಒಂದು ಸಮೀಕರಣದ ಬದಲು ಸುಲಭದ ಸಾವಿರ ಲೆಕ್ಕ ಮಾಡುವ ದಾರಿ ಹಿಡಿದರು. ನೆಲವನ್ನು ಚೌಕಾಬಾರದ ಮನೆಗಳ ಹಾಗೆ ಚೌಕ ಚೌಕವಾಗಿ ವಿಂಗಡಿಸುವುದು. ಪ್ರತಿ ಮನೆಯ ಅಂಕಿಯನ್ನು ಅಕ್ಕಪಕ್ಕದ ಮನೆಗಳ ಅಂಕಿಗಳಿಂದ ಕೂಡಿ ಕಳೆದು ಪಡೆಯುವುದು. ಉತ್ತರ ಪೂರ್ತಿ ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ಕೆಲಸಕ್ಕೆ ಸಾಕಾಗುವಷ್ಟು ಹತ್ತಿರ ಬರುತ್ತದೆ.

ಇದೇ ವಿಧಾನವನ್ನು ಅವರು ಕಲ್ಲಿನ ಅಣೆಕಟ್ಟಿನ ಒಳಗೆ ಉಂಟಾಗುವ ಒತ್ತಡಗಳ ಲೆಕ್ಕಕ್ಕೆ ಬಳಸಿ 1910ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಬರುವ ಒಂದು ವಿವರ ನನಗೆ ಬಹಳ ಇಷ್ಟ. ಲೆಕ್ಕ ಮಾಡಲು ಅವರು ಹುಡುಗರನ್ನು ಕೂಲಿಗೆ ಇಟ್ಟುಕೊಂಡಿದ್ದರು. ಕೂಲಿ ದಿನಕ್ಕಿಷ್ಟು ಎಂದಲ್ಲ. ಪ್ರತಿ ಬಿಂದುವಿಗೆ, ಸಂಖ್ಯೆಯಲ್ಲಿರುವ ಅಂಕಿಗಳ ಎಣಿಕೆಯನ್ನು 18ರಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಪೆನ್ನಿ. ಮೂರಂಕಿಯ ಆರು ಬಿಂದುಗಳನ್ನು ಮುಗಿಸಿದರೆ ಒಂದು ಪೆನ್ನಿ ಸಿಕ್ಕಿತು. ಚುರುಕಾದ ಒಬ್ಬ ಹುಡುಗ ವಾರಕ್ಕೆ ಸುಮಾರು 2000 ಲೆಕ್ಕ ಮುಗಿಸುತ್ತಿದ್ದ. ತಪ್ಪಾದ ಲೆಕ್ಕಗಳನ್ನು ಎಣಿಕೆಗೆ ಹಿಡಿಯುತ್ತಿರಲಿಲ್ಲ. ಒಂದು ದೊಡ್ಡ ಗಣನೆಯಲ್ಲಿ ಎಷ್ಟು ಶ್ರಮ ಅಡಗಿದೆ ಎನ್ನುವುದನ್ನು ಹೀಗೆ ಅಳೆದು, ಬೆಲೆ ಕಟ್ಟಿ ಅಚ್ಚು ಹಾಕಿಸಿದ್ದು ಆ ಕಾಲಕ್ಕೆ ಹೊಸದು.

1913ರಲ್ಲಿ ರಿಚರ್ಡ್‌ಸನ್ ಬ್ರಿಟನ್ನಿನ ಹವಾಮಾನ ಇಲಾಖೆ ಸೇರಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾದರು. ಆಗ ಮುನ್ಸೂಚನೆ ಹೇಳುತ್ತಿದ್ದದ್ದು ಹಳೆಯ ನಕ್ಷೆಗಳನ್ನು ನೋಡಿ. ಇವತ್ತಿನ ನಕ್ಷೆಯಂಥದೇ ನಕ್ಷೆ ಹಿಂದೆ ಯಾವಾಗ ಬಂದಿತ್ತು, ಮಾರನೆಯ ದಿನ ಏನಾಗಿತ್ತು ಎಂದು ಹುಡುಕಿ ಅದರಂತೆ ಹೇಳುವುದು. ರಿಚರ್ಡ್‌ಸನ್‌ಗೆ ಇದು ಹಿಡಿಸಲಿಲ್ಲ. ಗಾಳಿಯೂ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟ ವಸ್ತುವೇ ತಾನೆ? ಜೌಗಿನ ನೀರಿಗೆ ಮಾಡಿದ ಲೆಕ್ಕವನ್ನು ಆಕಾಶದ ಗಾಳಿಗೂ ಮಾಡಬಹುದಲ್ಲ ಎಂದುಕೊಂಡರು.

ಅವರು ಯೂರೋಪಿನ ನಕ್ಷೆಯನ್ನು ಚದುರಂಗದ ಮಣೆಯಂತೆ ಚೌಕಗಳಾಗಿ ಭಾಗ ಮಾಡಿದರು. ಪ್ರತಿ ಚೌಕದ ಮೇಲೆ ನಿಂತ ಗಾಳಿಯ ಕಂಬವನ್ನು ಐದು ಪದರಗಳಾಗಿ ವಿಂಗಡಿಸಿದರು. ಐದು ಡಬ್ಬಿಗಳ ಟಿಫಿನ್ ಕ್ಯಾರಿಯರನ್ನು ಕಲ್ಪಿಸಿಕೊಳ್ಳಿ. ಪ್ರತಿ ಡಬ್ಬಿಯಲ್ಲೂ ಎಷ್ಟು ಗಾಳಿ ಇದೆ, ಎಷ್ಟು ಬಿಸಿ ಇದೆ, ಎಷ್ಟು ತೇವ ಇದೆ, ಎತ್ತ ಕಡೆ ಹರಿಯುತ್ತಿದೆ ಎಂದು ಬರೆಯಬೇಕು. ಪಕ್ಕದ ಡಬ್ಬಿಗಳಿಂದ ಬಂದದ್ದು, ಪಕ್ಕಕ್ಕೆ ಹೋದದ್ದು, ಮೇಲಕ್ಕೆ ಏರಿದ್ದು, ಬಿಸಿಲಿನಿಂದ ಕಾದದ್ದು, ಗಿಡಮರಗಳಿಂದ ಆವಿಯಾಗಿ ಸೇರಿದ್ದು, ಎಲ್ಲದರ ಲೆಕ್ಕವೂ ಬೇಕು.

ಇಷ್ಟನ್ನೂ ಒಂದೇ ಉದ್ದನೆಯ ಲೆಕ್ಕವಾಗಿ ಮಾಡಲು ಹೊರಟರೆ ಯಾರಿಗಾದರೂ ತಲೆ ತಿರುಗುತ್ತದೆ. ರಿಚರ್ಡ್‌ಸನ್ ಇಡೀ ಕೆಲಸವನ್ನು 23 ನಮೂನೆಗಳಾಗಿ ಒಡೆದರು. ನಮೂನೆ ಎಂದರೆ ನಮ್ಮ ಶಾಲಾ ಕಚೇರಿಯಲ್ಲಿ ತುಂಬುವ ನಮೂನೆಗಳ ಹಾಗೆಯೇ, ಮನೆಗಳನ್ನು ಎಳೆದು ಶೀರ್ಷಿಕೆ ಕೊಟ್ಟ ಹಾಳೆ. ಒಂದೊಂದು ನಮೂನೆಗೆ ಒಂದೊಂದು ಕೆಲಸ. ಈ ಕಾಲಂನಲ್ಲಿ ಆ ನಮೂನೆಯಿಂದ ಬಂದ ಅಂಕಿ ಬರೆಯಿರಿ, ಅದನ್ನು ಇದರಿಂದ ಗುಣಿಸಿ ಪಕ್ಕದಲ್ಲಿ ಬರೆಯಿರಿ, ಕೊನೆಯ ಅಂಕಿಯನ್ನು ಮುಂದಿನ ನಮೂನೆಗೆ ಒಯ್ಯಿರಿ. ಹವಾಮಾನ ಶಾಸ್ತ್ರದ ಗಂಧವೇ ಇಲ್ಲದವರೂ ತಮ್ಮ ಪಾಲಿನ ನಮೂನೆಯನ್ನು ತುಂಬಬಹುದು. ಇವತ್ತು ಪ್ರೋಗ್ರಾಂ ಬರೆಯುವವರು ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದಕ್ಕೂ ಹೆಸರಿಟ್ಟು, ಫಂಕ್ಷನ್ ಎಂದು ಕರೆಯುತ್ತಾರಲ್ಲ, ಈ ನಮೂನೆಗಳು ಅವುಗಳ ಕಾಗದದ ರೂಪ.

ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿತ್ತು. ರಿಚರ್ಡ್‌ಸನ್ ಬಂದೂಕು ಹಿಡಿಯಲು ಸಿದ್ಧರಿರಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರಲೂ ಆಗಲಿಲ್ಲ. 1916ರಲ್ಲಿ ಇಲಾಖೆಯ ಕೆಲಸ ಬಿಟ್ಟು, ಕ್ವೇಕರರ ಆಂಬುಲೆನ್ಸ್ ದಳಕ್ಕೆ ಸೇರಿ ಫ್ರಾನ್ಸಿಗೆ ಹೋದರು. ಗಾಯಾಳು ಸೈನಿಕರನ್ನು ಯುದ್ಧಭೂಮಿಯಿಂದ ಆಸ್ಪತ್ರೆಗೆ ಸಾಗಿಸುವ ಗಾಡಿಯ ಚಾಲಕರಾದರು. ಶೆಲ್ಲುಗಳು ಬೀಳುವ ರಸ್ತೆಯಲ್ಲಿ ಗಾಡಿ ಓಡಿಸಿ, ಬಿಡುವು ಸಿಕ್ಕಾಗ ಚಳಿಯ ಬಿಡಾರವೊಂದರಲ್ಲಿ ಒಣಹುಲ್ಲಿನ ರಾಶಿಯ ಮೇಲೆ ಕುಳಿತು ನಮೂನೆಗಳನ್ನು ತುಂಬುತ್ತಿದ್ದರು.

ಅವರು ಆರಿಸಿಕೊಂಡ ದಿನ 1910ರ ಮೇ 20. ಆಗಲೇ ಏಳು ವರ್ಷ ಹಳೆಯದಾಗಿದ್ದ ಹವೆ ಅದು! ಆ ದಿನವೇ ಏಕೆಂದರೆ ಯೂರೋಪಿನ ಹಲವೆಡೆ ಬಲೂನುಗಳನ್ನು ಹಾರಿಸಿ ಮೇಲಿನ ಗಾಳಿಯನ್ನು ಅಳೆದಿದ್ದರು, ನಾರ್ವೆಯ ವಿಜ್ಞಾನಿ ಬ್ಯರ್ಕ್‌ನೆಸ್ ಆ ಅಂಕಿಗಳನ್ನು ಒಪ್ಪವಾಗಿ ಪ್ರಕಟಿಸಿದ್ದರು. ಬೆಳಿಗ್ಗೆ 7 ಗಂಟೆಯ ಸ್ಥಿತಿಯಿಂದ ಹೊರಟು, ಜರ್ಮನಿಯ ದಕ್ಷಿಣ ಭಾಗದಲ್ಲಿ ಆರು ಗಂಟೆಗಳಲ್ಲಿ ವಾಯುಭಾರ ಎಷ್ಟು ಬದಲಾಗುತ್ತದೆ ಎಂದು ಕಂಡುಹಿಡಿಯುವುದು ಗುರಿ. ಎರಡೇ ಎರಡು ಕಂಬಗಳ ಲೆಕ್ಕ. ನಮೂನೆಗಳನ್ನು ರಚಿಸಿ ಈ ಲೆಕ್ಕವನ್ನು ಮುಗಿಸಲು ಹೆಚ್ಚುಕಡಿಮೆ ಆರು ವಾರ ಹಿಡಿಯಿತು.

1917ರ ಏಪ್ರಿಲ್‌ನಲ್ಲಿ ಶಾಂಪೇನ್ ಪ್ರದೇಶದ ಕದನದ ವೇಳೆ ಅವರ ಹಸ್ತಪ್ರತಿಯನ್ನು ಸುರಕ್ಷಿತವಾಗಿರಲೆಂದು ಹಿಂದಿನ ಠಾಣೆಗೆ ಕಳಿಸಿದರು. ಅಲ್ಲಿಂದ ಅದು ಕಾಣೆಯಾಯಿತು. ಎಷ್ಟೋ ತಿಂಗಳ ನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು.

ಇಷ್ಟು ಪಾಡುಪಟ್ಟು ಬಂದ ಉತ್ತರವೇನು ಗೊತ್ತೇ? ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುತ್ತದೆ! ಸಮುದ್ರ ಮಟ್ಟದಲ್ಲಿ ಸಾಮಾನ್ಯ ವಾಯುಭಾರ ಸುಮಾರು 1013 ಮಿಲಿಬಾರ್. ಭೀಕರ ಚಂಡಮಾರುತದಲ್ಲೂ ಆರು ಗಂಟೆಗಳಲ್ಲಿ ಅಷ್ಟು ಬದಲಾವಣೆ ಆಗುವುದಿಲ್ಲ. ಆ ದಿನ ನಿಜವಾಗಿ ಅಲ್ಲಿನ ವಾಯುಭಾರಮಾಪಕಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು.

ಬೇರೆಯವರಾಗಿದ್ದರೆ ಆ ಕಾಗದಗಳನ್ನು ಒಲೆಗೆ ಹಾಕುತ್ತಿದ್ದರೇನೋ. ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಪ್ಪು ಉತ್ತರವನ್ನೂ, ಅದಕ್ಕೆ ಕೊಂಡೊಯ್ದ ಪ್ರತಿಯೊಂದು ನಮೂನೆಯನ್ನೂ, ಪ್ರತಿ ಕಾಲಂನ ಅಂಕಿಗಳ ಸಮೇತ ಅಚ್ಚು ಹಾಕಿಸಿದರು. ಬೇರೆಯವರು ಲೆಕ್ಕ ಮಾಡಿ ನೋಡಲಿ ಎಂದು ಖಾಲಿ ನಮೂನೆಗಳನ್ನು ಪ್ರತ್ಯೇಕವಾಗಿ ಮಾರಾಟಕ್ಕೂ ಇಡಲಾಯಿತು. ಆರಂಭದ ಗಾಳಿಯ ಅಂಕಿಗಳಲ್ಲೇ ದೋಷವಿರಬೇಕು ಎಂದು ಅವರ ಅನುಮಾನ.

ಅದೇ ಪುಸ್ತಕದಲ್ಲಿ ಒಂದು ಸೊಗಸಾದ ಕಲ್ಪನೆಯಿದೆ. ಭಾರಿ ನಾಟಕಶಾಲೆಯಂಥ ದುಂಡನೆಯ ಭವನ. ಒಳಗೋಡೆಯ ಮೇಲೆಲ್ಲ ಭೂಪಟ: ಚಾವಣಿಯಲ್ಲಿ ಉತ್ತರ ಧ್ರುವ, ತಳದಲ್ಲಿ ದಕ್ಷಿಣ ಧ್ರುವ. ಸುತ್ತಲಿನ ಬಾಲ್ಕನಿಗಳಲ್ಲಿ 64,000 ಜನ ಕುಳಿತು, ತಮ್ಮ ಎದುರಿನ ನಕ್ಷೆಯ ಭಾಗಕ್ಕೆ ಸೇರಿದ ಗಾಳಿಯ ಲೆಕ್ಕ ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೇ ಸಮೀಕರಣ ಅಥವಾ ಅದರ ಒಂದು ಪಾಲು. ನಡುವೆ ಎತ್ತರದ ಕಂಬದ ಮೇಲೆ ನಿಂತ ಮುಖ್ಯಸ್ಥ, ಮುಂದೆ ಓಡುವವರ ಮೇಲೆ ಗುಲಾಬಿ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರಿ ಎಲ್ಲರನ್ನೂ ಒಂದೇ ಲಯದಲ್ಲಿ ಇಡುತ್ತಾನೆ. ಸಾವಿರಾರು ಸಂಸ್ಕಾರಕಗಳು ಒಟ್ಟಿಗೆ ದುಡಿಯುವ ಇವತ್ತಿನ ಸೂಪರ್ ಕಂಪ್ಯೂಟರಿನ ಚಿತ್ರವೇ ಇದು. ಭವನದ ಹೊರಗೆ ಆಟದ ಬಯಲು, ಬೆಟ್ಟ, ಕೆರೆಗಳಿರಬೇಕು ಎಂದೂ ಅವರು ಆಸೆಪಟ್ಟಿದ್ದರು. ಗಾಳಿಯ ಲೆಕ್ಕ ಮಾಡುವವರಿಗೆ ಒಳ್ಳೆಯ ಗಾಳಿ ಬೇಡವೇ!

ನಮ್ಮ ಜಿಲ್ಲೆಯ ಶಿಕ್ಷಕರ ತರಬೇತಿಯೊಂದರಲ್ಲಿ ಇದನ್ನೇ ಒಂದು ಆಟವಾಗಿ ಮಾಡಿಸಿದ್ದೆ. ಒಂದು ಗುಂಪಿಗೆ ಉದ್ದನೆಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಕೊಟ್ಟೆ. ಇನ್ನೊಂದು ಗುಂಪಿಗೆ ಅದೇ ಲೆಕ್ಕವನ್ನು ಎಂಟು ಚೀಟಿಗಳಾಗಿ ಒಡೆದು ಕೊಟ್ಟೆ. ಎರಡು ಗುಂಪಿನವರ ಉತ್ತರವೂ ತಪ್ಪಾಯಿತು (ಯಾರ ಹೆಸರನ್ನೂ ಹೇಳುವುದಿಲ್ಲ). ಚೀಟಿಯ ಗುಂಪಿನವರು ಐದನೆಯ ಚೀಟಿಯ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಮರೆತದ್ದನ್ನು ಎರಡು ನಿಮಿಷದಲ್ಲಿ ಹಿಡಿದರು. ಮೊದಲ ಗುಂಪು ಪುನಃ ಆರಂಭದಿಂದ ಲೆಕ್ಕ ಮಾಡಬೇಕಾಯಿತು. ನಿಮ್ಮ ತರಗತಿಯಲ್ಲೂ ಮಾಡಿ ನೋಡಿ.

1920ರಲ್ಲಿ ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ಇಷ್ಟದ ಕೆಲಸ, ಆದರೂ ಬಿಟ್ಟರು. ಆಮೇಲೆ ಲಂಡನ್ನಿನಲ್ಲಿ ಶಿಕ್ಷಕರನ್ನು ತರಬೇತುಗೊಳಿಸುವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು, 1929ರಿಂದ 1940ರವರೆಗೆ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಕೊನೆಯ ವರ್ಷಗಳಲ್ಲಿ, ದೇಶಗಳು ಯಾಕೆ ಯುದ್ಧ ಮಾಡುತ್ತವೆ ಎನ್ನುವುದನ್ನೂ ಗಣಿತದಿಂದ ಹುಡುಕಲು ಹೊರಟರು.

1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿನಲ್ಲಿ ಚಾರ್ನಿ, ಫಾನ್ ನಾಯ್ಮನ್ ಮತ್ತು ಅವರ ಸಂಗಡಿಗರು ಮೊದಲ ಬಾರಿಗೆ ಯಂತ್ರದಿಂದ ಹವಾಮಾನ ಲೆಕ್ಕ ಹಾಕಿಸಿದರು. ಅವರು ರಿಚರ್ಡ್‌ಸನ್ನರಂತೆ ಎಲ್ಲವನ್ನೂ ಸೇರಿಸಲಿಲ್ಲ. ಐದು ಪದರದ ಬದಲು ಒಂದೇ ಪದರ, ಹಲವು ಸಮೀಕರಣಗಳ ಬದಲು ಒಂದೇ ಸಮೀಕರಣ. ಒಂದು ದಿನದ ಮುನ್ಸೂಚನೆಗೆ ಸುಮಾರು ಒಂದು ದಿನವೇ ಹಿಡಿಯಿತು, ಆದರೆ ಉತ್ತರ ನಂಬುವ ಹಾಗಿತ್ತು. ಚಾರ್ನಿ ಆ ಫಲಿತಾಂಶವನ್ನು ರಿಚರ್ಡ್‌ಸನ್‌ಗೆ ಕಳಿಸಿದರು. ನೋಡಿ ಅವರು ಮನಸಾರೆ ಅಭಿನಂದಿಸಿದರು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್‌ನಲ್ಲಿ ನಿದ್ದೆಯಲ್ಲೇ ತೀರಿಕೊಂಡರು.

ಅವರು ಬಿಟ್ಟುಹೋದ ಕಾಗದಗಳಲ್ಲಿ ಇನ್ನೊಂದು ವಿಸ್ಮಯವಿತ್ತು. ದೇಶಗಳ ಗಡಿಯ ಉದ್ದವನ್ನು ಹುಡುಕುವಾಗ ಅವರು ಒಂದು ಸಂಗತಿ ಗಮನಿಸಿದ್ದರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಸ್ಪೇನಿನ ಲೆಕ್ಕದಲ್ಲಿ 987 ಕಿ.ಮೀ., ಪೋರ್ಚುಗಲ್ಲಿನ ಲೆಕ್ಕದಲ್ಲಿ 1214 ಕಿ.ಮೀ. ಯಾರೂ ಸುಳ್ಳು ಹೇಳುತ್ತಿಲ್ಲ. ಅಂಕುಡೊಂಕು ಗೆರೆಯನ್ನು ಉದ್ದನೆಯ ಕೋಲಿನಿಂದ ಅಳೆದರೆ ಸಣ್ಣ ತಿರುವುಗಳೆಲ್ಲ ತಪ್ಪಿಹೋಗುತ್ತವೆ, ಗಿಡ್ಡ ಕೋಲಿನಿಂದ ಅಳೆದರೆ ಸಿಕ್ಕಿಬೀಳುತ್ತವೆ. 1961ರಲ್ಲಿ ಇದು ಪ್ರಕಟವಾಯಿತು. 1967ರಲ್ಲಿ ಮ್ಯಾಂಡೆಲ್‌ಬ್ರಾಟ್ ಇದನ್ನು ಮುಂದುವರಿಸಿದರು.

ಪ್ರೋಗ್ರಾಂ ಎಷ್ಟು ಜಟಿಲ ಎಂದು ಅಳೆಯುವಾಗಲೂ ಯಾವ ಕೋಲು ಎಂಬ ಪ್ರಶ್ನೆ ಬರುತ್ತದೆ. ಸಾಲುಗಳನ್ನು ಎಣಿಸುವುದು ಒಂದು ಕೋಲು. ಆದರೆ ನೆಟ್ಟಗೆ ಸಾಗುವ ಸಾವಿರ ಸಾಲು, ಕವಲೊಡೆಯುವ ನೂರು ಸಾಲಿಗಿಂತ ಸುಲಭವಿರಬಹುದು. ಕವಲು ಎಂದರೇನು? ಮಳೆ ಬಂದರೆ ಪ್ರಾರ್ಥನೆ ಜಗಲಿಯಲ್ಲಿ, ಇಲ್ಲವಾದರೆ ಅಂಗಳದಲ್ಲಿ. ಇದೊಂದು ಕವಲು. ಶನಿವಾರವಾದರೆ ಕವಾಯತು ಉಂಟು, ಇಲ್ಲವಾದರೆ ಇಲ್ಲ. ಇನ್ನೊಂದು ಕವಲು. ಥಾಮಸ್ ಮೆಕೇಬ್ ಎಂಬ ಅಮೆರಿಕದ ಗಣಿತಜ್ಞರು 1976ರಲ್ಲಿ ಪ್ರಕಟಿಸಿದ ಅಳತೆ ಇಂಥ ಕವಲುಗಳನ್ನು ಎಣಿಸಿ ಒಂದನ್ನು ಕೂಡಿಸುತ್ತದೆ. ನಮ್ಮ ಪ್ರಾರ್ಥನೆಯ ಜಟಿಲತೆ ಹಾಗಾದರೆ 3.

ಕವಲುಗಳನ್ನು ಕಂಡರೆ ಯಾಕೆ ಹೆದರಬೇಕು? ಒಂದರ ಹಿಂದೆ ಒಂದರಂತೆ ಹತ್ತು ಕವಲುಗಳಿದ್ದರೆ ಮೊದಲಿನಿಂದ ಕೊನೆಗೆ ಹೋಗುವ ದಾರಿಗಳು 2ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ 1024. ಅದೇ ಪ್ರೋಗ್ರಾಂ ಅನ್ನು ಐದೈದು ಕವಲುಗಳ, ಒಂದರೊಳಗೊಂದು ಕೈಹಾಕದ ಎರಡು ತುಣುಕುಗಳಾಗಿ ಮಾಡಿದರೆ ಒಂದೊಂದರಲ್ಲಿ 32 ದಾರಿ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಒಟ್ಟು 64. ನಮೂನೆಗಳಾಗಿ ಒಡೆಯುವುದರಿಂದ ಆಗುವ ಉಳಿತಾಯ ಈ ಬಗೆಯದು.

ಆ 145 ಮಿಲಿಬಾರಿನ ಒಗಟು ಏನಾಯಿತು? ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ 1990ರ ದಶಕದಲ್ಲಿ ರಿಚರ್ಡ್‌ಸನ್ನರ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಪುನಃ ಮಾಡಿದರು. ಎಲ್ಲ ಹೆಜ್ಜೆಗಳೂ ಪುಸ್ತಕದಲ್ಲಿ ಇದ್ದುದರಿಂದ ಇದು ಸಾಧ್ಯವಾಯಿತು. ಉತ್ತರ ಹೆಚ್ಚುಕಡಿಮೆ ಅದೇ 145! ಹುಲ್ಲಿನ ರಾಶಿಯ ಮೇಲೆ ಮಾಡಿದ ಗುಣಾಕಾರ, ಭಾಗಾಕಾರಗಳಲ್ಲಿ ಫಲಿತಾಂಶವನ್ನು ಕೆಡಿಸುವಂಥ ತಪ್ಪಿರಲಿಲ್ಲ. ದೋಷವಿದ್ದದ್ದು ಹೊರಟ ಜಾಗದಲ್ಲಿ. ತುಂಬಿದ ಕೊಡ ಹೊತ್ತು ನಡೆಯುವಾಗ ನೀರು ತುಳುಕುತ್ತದೆ. ಅಂಚಿನಲ್ಲಿ ನೀರು ಏರಿದ ಒಂದು ಕ್ಷಣವನ್ನು ನೋಡಿ, ಇದೇ ವೇಗದಲ್ಲಿ ಆರು ಗಂಟೆ ಏರಿದರೆ ಎಷ್ಟಾದೀತು ಎಂದು ಲೆಕ್ಕ ಮಾಡಿದರೆ ಕೊಡ ಮಾಳಿಗೆ ಮುಟ್ಟುತ್ತದೆ. ಗಾಳಿಯ ಮತ್ತು ಒತ್ತಡದ ಅಂಕಿಗಳು ಪರಸ್ಪರ ಹೊಂದದೆ ಇದ್ದುದರಿಂದ ಲೆಕ್ಕದಲ್ಲಿ ಇಂಥ ತುಳುಕಾಟ ಹುಟ್ಟಿತ್ತು. ಲಿಂಚ್ ಮೊದಲು ಆ ತುಳುಕಾಟವನ್ನು ಸೋಸಿ ತೆಗೆದು ಲೆಕ್ಕ ಮಾಡಿದಾಗ ಬದಲಾವಣೆ 1 ಮಿಲಿಬಾರಿಗಿಂತಲೂ ಕಡಿಮೆ ಬಂದಿತು. ಸುಮಾರು ಎಂಟು ದಶಕ ಹಿಂದಿನ ಅನುಮಾನ ಸರಿಯಾಗಿತ್ತು.

ನಮ್ಮ ಬೆಂಗಳೂರಿಗೂ ಈ ಕಥೆಯ ನಂಟು ಇದೆ. ಅಲ್ಲಿನ ಎನ್.ಎ.ಎಲ್. ಸಂಸ್ಥೆಯಲ್ಲಿ 1986ರಲ್ಲಿ ಆರಂಭವಾದ ಫ್ಲೋಸಾಲ್ವರ್ ಯೋಜನೆ, ರಿಚರ್ಡ್‌ಸನ್ನರ ಭವನದಂತೆ ಹಲವು ಸಂಸ್ಕಾರಕಗಳು ಒಟ್ಟಿಗೆ ಲೆಕ್ಕ ಮಾಡುವ ಕಂಪ್ಯೂಟರುಗಳನ್ನು ಕಟ್ಟಿತು. ಅಲ್ಲಿನ ವಿಜ್ಞಾನಿಗಳು ದೇಶದಲ್ಲಿ ಬಳಕೆಯಲ್ಲಿದ್ದ ಹಳೆಯ ಹವಾಮಾನ ಪ್ರೋಗ್ರಾಂ ಒಂದನ್ನು, ಓದಲು ತಿದ್ದಲು ಅನುಕೂಲವಾಗುವಂತೆ ಹೊಸ ಫೋರ್ಟ್ರಾನ್ ಭಾಷೆಯಲ್ಲಿ ಪುನಃ ಬರೆದು ಅದಕ್ಕೆ ವರ್ಷ ಎಂದು ಹೆಸರಿಟ್ಟರು. ಮಳೆಯ ಪ್ರೋಗ್ರಾಂಗೆ ತಕ್ಕ ಹೆಸರು.

ಬ್ರಿಟನ್ನಿನ ಹವಾಮಾನ ಇಲಾಖೆ 1990ರ ದಶಕದ ಆರಂಭದಿಂದ ಬಳಸಿಕೊಂಡು ಬಂದ ಪ್ರೋಗ್ರಾಂ ಕೂಡ ಬೆಳೆದು ಬೆಳೆದು ಭಾರವಾಯಿತು. ಗಾಳಿಯ ವಿಜ್ಞಾನವನ್ನು ಹೇಳುವ ಸಾಲುಗಳೂ, ಯಾವ ಸಂಸ್ಕಾರಕ ಯಾವ ಕೆಲಸ ಮಾಡಬೇಕು ಎಂದು ಹೇಳುವ ಸಾಲುಗಳೂ ಒಂದರಲ್ಲೊಂದು ಹೆಣೆದುಕೊಂಡಿದ್ದವು. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಎರಡನ್ನೂ ಕೆದಕಬೇಕಿತ್ತು. ಆದ್ದರಿಂದ 2010ರ ದಶಕದಲ್ಲಿ ಇಲಾಖೆ ಹೊಸದೊಂದನ್ನು ಬರೆಯಲು ಹೊರಟಿತು. ಇದರಲ್ಲಿ ವಿಜ್ಞಾನದ ಭಾಗ ಬೇರೆ, ಕೆಲಸ ಹಂಚುವ ಭಾಗ ಬೇರೆ. ಹಂಚುವ ಸಾಲುಗಳನ್ನು ಇನ್ನೊಂದು ಪ್ರೋಗ್ರಾಂ ತಾನೇ ಬರೆದುಕೊಡುತ್ತದೆ. ಹೊಸ ಪ್ರೋಗ್ರಾಂಗೆ ಇಟ್ಟ ಹೆಸರು ಎಲ್‌ಎಫ್‌ರಿಕ್, ಲೂಯಿ ಫ್ರೈ ರಿಚರ್ಡ್‌ಸನ್ ಎಂಬುದರ ಕಿರುರೂಪ. ಅದರಲ್ಲಿ ವಿಜ್ಞಾನಿ ಬರೆಯುವ ಒಂದೊಂದು ಸಣ್ಣ ತುಣುಕೂ ಒಂದು ಸಲಕ್ಕೆ ಒಂದೇ ಒಂದು ಗಾಳಿಯ ಕಂಬದ ಲೆಕ್ಕವನ್ನು ಮಾಡುತ್ತದೆ.